ಮನೆ ಯಾರ ಪಾಲಿಗೆ, ಕಂತು ಯಾರ ತಲೆಗೆ?

ಓದುಗರ ಕಾನೂನು ಪ್ರಶ್ನೆಗಳು

ಪ್ರಶ್ನೆ: ನಾನು ಕಲಬುರಗಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ತಿಂಗಳಿಗೆ 26,000 ರೂಪಾಯಿ ಸಂಬಳ. ಪತಿಗೆ 42 ವರ್ಷ, ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಕೆಲಸ, 72,000 ರೂಪಾಯಿ ಕೈಗೆ ಬರುತ್ತದೆ. ಸೇಡಂ ರಸ್ತೆಯ ಕಡೆ ಇಬ್ಬರ ಹೆಸರಿನಲ್ಲಿ ನಿವೇಶನ ಕೊಂಡು ಎಂಟು ವರ್ಷಗಳ ಹಿಂದೆ ಮನೆ ಕಟ್ಟಿಸಿದೆವು. ನಿವೇಶನಕ್ಕೆ ನನ್ನ ತಂದೆ ಚೆಕ್ ಮೂಲಕ 4 ಲಕ್ಷ ಕೊಟ್ಟಿದ್ದರು, ಕಟ್ಟಡಕ್ಕೆ ನನ್ನ ಆರು ತೊಲೆ ಒಡವೆ ಮಾರಿದೆವು. 22 ಲಕ್ಷದ ಗೃಹಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದೇವೆ, ತಿಂಗಳ ಕಂತು 19,100. ಒಂದೂವರೆ ವರ್ಷದಿಂದ ಬೇರೆಯಾಗಿದ್ದೇವೆ. ಹನ್ನೆರಡು ವರ್ಷದ ಮಗಳೊಂದಿಗೆ ನಾನು 8,500 ರೂಪಾಯಿಯ ಕಿರಾಯಿ ಮನೆಯಲ್ಲಿದ್ದೇನೆ, ಅವರು ತಮ್ಮ ತಾಯಿಯೊಂದಿಗೆ ನಮ್ಮ ಮನೆಯಲ್ಲಿದ್ದಾರೆ. ನಾನು ಹೊರಬಂದಾಗ ಸಾಲದ ಬಾಕಿ 18.4 ಲಕ್ಷ ಇತ್ತು, ಈಗ 17.2 ಲಕ್ಷ ಇದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ಬರೂ ಸಿದ್ಧರಿದ್ದೇವೆ. ಆದರೆ ‘ಕಂತು ಕಟ್ಟಿದವನು ನಾನು, 6 ಲಕ್ಷ ತೊಗೊಂಡು ಸಹಿ ಹಾಕು’ ಎಂಬುದು ಅವರ ಮಾತು. ಹಿರಿಯರು ಕೂಡಿ ಅದನ್ನೇ ಬಾಂಡ್ ಕಾಗದದ ಮೇಲೆ ಬರೆಸಿಟ್ಟಿದ್ದಾರೆ. ನಾನು ಇನ್ನೂ ಸಹಿ ಮಾಡಿಲ್ಲ. ಮನೆಗೆ 55 ಲಕ್ಷ ಬರುತ್ತದೆ ಎಂದು ದಲ್ಲಾಳಿ ಹೇಳುತ್ತಾರೆ, ಸರ್ಕಾರಿ ದರದಂತೆ 34 ಲಕ್ಷ ಎಂದು ಪತಿ ಹೇಳುತ್ತಾರೆ. ಮಗಳಿಗಾಗಿ ಮನೆಯನ್ನು ನಾನೇ ಇಟ್ಟುಕೊಳ್ಳಬೇಕೆಂಬ ಆಸೆಯಿದೆ. ಆಳಂದ ತಾಲ್ಲೂಕಿನಲ್ಲಿರುವ ಅವರ ಹಿರಿಯರ ಎಂಟು ಎಕರೆ ತೊಗರಿ ಹೊಲದಲ್ಲಿ ನನಗೆ ಪಾಲು ಬರುತ್ತದೆಯೇ? ಉಳಿದ ಒಡವೆ ಅವರ ಲಾಕರಿನಲ್ಲಿದೆ. ದಾರಿ ತಿಳಿಸಿ.
— ಹೆಸರು ಬೇಡ, ಕಲಬುರಗಿ

ಉತ್ತರ: ಬಾಂಡ್ ಕಾಗದಕ್ಕೆ ನೀವು ಸಹಿ ಮಾಡದಿರುವುದು ಒಳ್ಳೆಯದಾಯಿತು. ನೂರು ರೂಪಾಯಿಗಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಯಾವುದೇ ಪತ್ರವು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಹಿರಿಯರ ಸಮ್ಮುಖದಲ್ಲಿ ಬರೆದ ಕಾಗದದಿಂದ ನಿಮ್ಮ ಪಾಲು ಅವರಿಗೆ ಹೋಗುವುದಿಲ್ಲ. ಆದರೆ ಅದನ್ನು ಮುಂದೆ ನ್ಯಾಯಾಲಯದಲ್ಲಿ ‘ಈಕೆ 6 ಲಕ್ಷಕ್ಕೆ ಒಪ್ಪಿದ್ದಳು’ ಎಂದು ತೋರಿಸಲು ಬಳಸಬಹುದು. ಹಿರಿಯರ ಬಗ್ಗೆ ಗೌರವವಿರಲಿ, ಅವರ ಮಾತಿನಿಂದ ಮಗಳ ಶಾಲೆ ಮತ್ತು ಭೇಟಿಯಂತಹ ವಿಷಯಗಳು ಸುಗಮವಾಗಿ ಬಗೆಹರಿದದ್ದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಮನೆಯ ಲೆಕ್ಕವನ್ನು ಮಾತ್ರ ಕಾಗದಪತ್ರಗಳನ್ನು ಎದುರಿಗಿಟ್ಟುಕೊಂಡೇ ಮಾಡಬೇಕು.

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಪಾಲು ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಗೋವಾವನ್ನು ಬಿಟ್ಟರೆ ಹಾಗೆ ಹೇಳುವ ಕಾನೂನು ಭಾರತದಲ್ಲಿಲ್ಲ. ವಿಚ್ಛೇದನದ ಡಿಕ್ರಿ ಮದುವೆಯನ್ನು ಮುಗಿಸುತ್ತದೆ, ಆದರೆ ತಾನಾಗಿ ಮನೆಯನ್ನು ಭಾಗ ಮಾಡುವುದಿಲ್ಲ. ನಿಮ್ಮ ಬಲ ಇರುವುದು ನೀವು ಹೆಂಡತಿ ಎಂಬುದರಲ್ಲಲ್ಲ, ನಿವೇಶನದ ಕ್ರಯಪತ್ರದಲ್ಲಿ ನಿಮ್ಮ ಹೆಸರಿದೆ ಎಂಬುದರಲ್ಲಿ. ಕ್ರಯಪತ್ರದಲ್ಲಿ ಇಂತಿಷ್ಟು ಪಾಲು ಎಂದು ಬರೆದಿದ್ದರೆ ಅದೇ ಅಂತಿಮ. ಬರೆದಿರದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮು ಅನ್ವಯಿಸುತ್ತದೆ: ಯಾರು ಎಷ್ಟು ಹಣ ಹಾಕಿದರೋ ಅದಕ್ಕೆ ತಕ್ಕ ಪಾಲು, ಯಾರದೆಷ್ಟು ಎಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಸಮಪಾಲು. ಆದ್ದರಿಂದ ನಿಮ್ಮ ತಂದೆಯ ಚೆಕ್ಕಿನ ಬ್ಯಾಂಕ್ ದಾಖಲೆಯನ್ನೂ, ಒಡವೆ ಮಾರಿದ ಸರಾಫಿ ಅಂಗಡಿಯ ಚೀಟಿಯನ್ನೂ, ನಿಮ್ಮ ಸಂಬಳ ಮನೆಖರ್ಚಿಗೂ ಶಾಲೆಯ ಶುಲ್ಕಕ್ಕೂ ಹೋಗುತ್ತಿದ್ದುದನ್ನು ತೋರಿಸುವ ಪಾಸ್‌ಬುಕ್ಕನ್ನೂ ಈಗಲೇ ಹುಡುಕಿ ಒಂದೆಡೆ ಇಡಿ. ಅವರ ಸಂಬಳ ಕಂತಿಗೂ ನಿಮ್ಮದು ದಿನಸಿಗೂ ಹೋಗಿದ್ದರೆ ಕಂತು ಕಟ್ಟಿದವರು ಅವರೊಬ್ಬರೇ ಎನ್ನಲು ಬರುವುದಿಲ್ಲ ಎಂಬುದು ನಿಮ್ಮ ವಾದ. ನ್ಯಾಯಾಲಯ ಇದನ್ನು ಒಪ್ಪಿಯೇ ತೀರುತ್ತದೆ ಎಂದು ಭರವಸೆ ಕೊಡಲಾರೆ, ಆದರೆ ಜಂಟಿ ಹೆಸರು, ಜಂಟಿ ಸಾಲ ಮತ್ತು ತವರಿನ ಚೆಕ್ಕು ಮೂರೂ ಇರುವ ನಿಮ್ಮಂಥ ಪ್ರಕರಣದಲ್ಲಿ ಸಮಪಾಲಿನಿಂದ ಕೆಳಗಿಳಿಯಲು ನನಗೆ ಕಾರಣ ಕಾಣುವುದಿಲ್ಲ.

ಈಗ ಅವರ ‘ನಾನೇ ಕಂತು ಕಟ್ಟಿದೆ’ ಎಂಬ ಮಾತನ್ನು ಅಂಕಿಯಲ್ಲಿ ನೋಡೋಣ. ನೀವು ಹೊರಬಂದ ಮೇಲಿನ 18 ತಿಂಗಳಲ್ಲಿ ಅವರು 3,43,800 ರೂಪಾಯಿ ಕಟ್ಟಿದ್ದಾರೆ. ಆದರೆ ಅಸಲು ಇಳಿದದ್ದು 18.4ರಿಂದ 17.2 ಲಕ್ಷಕ್ಕೆ, ಅಂದರೆ 1.2 ಲಕ್ಷ ಮಾತ್ರ. ಉಳಿದ ಸುಮಾರು 2.24 ಲಕ್ಷ ಬಡ್ಡಿಗೆ ಹೋಗಿದೆ. ಆ ಅವಧಿಯಲ್ಲಿ ಇಡೀ ಮನೆಯನ್ನು ಅನುಭವಿಸಿದವರು ಅವರು, ಆದ್ದರಿಂದ ಬಡ್ಡಿಯನ್ನು ಅವರ ವಾಸದ ಖರ್ಚೆಂದು ಬಿಡುವುದು ನ್ಯಾಯ. ಅದೇ ಅವಧಿಯಲ್ಲಿ ನೀವೂ 1,53,000 ರೂಪಾಯಿ ಕಿರಾಯಿ ಕೊಟ್ಟಿದ್ದೀರಿ. ಹಾಗಾಗಿ ಅವರಿಗೆ ಲೆಕ್ಕದಲ್ಲಿ ಕೊಡಬೇಕಾದದ್ದು ಅಸಲಿನ 1.2 ಲಕ್ಷ, ಅದರಲ್ಲಿ ನಿಮ್ಮ ಪಾಲಿನ ಹೊರೆ 60,000. ಇಷ್ಟು ದಿನ ಜಗಳಕ್ಕೆ ಕಾರಣವಾದ ‘ಕಂತು’ ಕೊನೆಗೆ ಬಂದು ನಿಲ್ಲುವುದು ಅರವತ್ತು ಸಾವಿರಕ್ಕೆ.

55 ಲಕ್ಷದಿಂದ 17.2 ಲಕ್ಷದ ಬಾಕಿ ಕಳೆದರೆ 37.8 ಲಕ್ಷ. ಅದರಿಂದ ಅವರ 1.2 ಲಕ್ಷವನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಅರ್ಧ ಮಾಡಿದರೆ ನಿಮ್ಮ ಪಾಲು 18.3 ಲಕ್ಷ. ಇನ್ನು ಅವರದೇ 34 ಲಕ್ಷವನ್ನು ಒಪ್ಪಿಕೊಂಡು ಲೆಕ್ಕ ಹಾಕಿದರೂ ನಿಮಗೆ 7.8 ಲಕ್ಷ ಬರುತ್ತದೆ. ಅಂದರೆ 6 ಲಕ್ಷ ಎಂಬುದು ಅವರ ಲೆಕ್ಕಕ್ಕೂ ಹೊಂದದ ಮೊತ್ತ, ಯಾರೋ ಬಾಯಿಗೆ ಬಂದದ್ದನ್ನು ಹೇಳಿದ್ದಾರೆ. ಸರ್ಕಾರದ ಮಾರ್ಗಸೂಚಿ ದರವು ಮುದ್ರಾಂಕ ಶುಲ್ಕ ವಿಧಿಸಲು ಮಾಡಿಕೊಂಡ ಕನಿಷ್ಠ ದರವೇ ಹೊರತು ಪೇಟೆಯ ಬೆಲೆಯಲ್ಲ. ದಲ್ಲಾಳಿಯ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ, ಮಾರಾಟವಾದರೆ ತನಗೆ ಕಮಿಷನ್ ಬರುತ್ತದೆಂದು ಆತ ಏರಿಸಿಯೇ ಹೇಳುತ್ತಾನೆ. ಬ್ಯಾಂಕುಗಳು ಸಾಲ ಕೊಡುವಾಗ ಕಳುಹಿಸುವ ನೋಂದಾಯಿತ ಮೌಲ್ಯಮಾಪಕರು ನಗರದಲ್ಲೇ ಇದ್ದಾರೆ. ಇಬ್ಬರೂ ಒಪ್ಪಿದ ಒಬ್ಬರಿಂದ ಲಿಖಿತ ವರದಿ ಪಡೆದು ಶುಲ್ಕವನ್ನು ಹಂಚಿಕೊಳ್ಳಿ.

ಮನೆಯನ್ನು ನೀವೇ ಇಟ್ಟುಕೊಳ್ಳುವ ಆಸೆಯ ಬಗ್ಗೆ ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಬರೆಯಬೇಕು. ನೀವು ಮನೆ ಪಡೆಯಬೇಕಾದರೆ 17.2 ಲಕ್ಷದ ಸಾಲವನ್ನು ಹೊರುವುದರ ಜೊತೆಗೆ ಅವರ ಪಾಲಿನ 19.5 ಲಕ್ಷವನ್ನೂ ಕೊಡಬೇಕು. 26,000 ಸಂಬಳಕ್ಕೆ ಯಾವ ಬ್ಯಾಂಕೂ ಅಷ್ಟು ಸಾಲ ಕೊಡುವುದಿಲ್ಲ. ಅವರು ತಮ್ಮ ಪಾಲನ್ನು ನಿಮ್ಮ ಜೀವನಾಂಶದ ಬದಲಾಗಿ ಪೂರ್ತಿ ಬಿಟ್ಟುಕೊಟ್ಟರು ಎಂದೇ ಭಾವಿಸಿದರೂ ಈಗಿನ ಕಂತೇ 19,100. ಉಳಿಯುವ 6,900ರಲ್ಲಿ ಮಗಳ ಓದು, ಅಡುಗೆ ಅನಿಲ, ವಿದ್ಯುತ್ತು, ಆಸ್ತಿ ತೆರಿಗೆ, ಬೇಸಿಗೆಯಲ್ಲಿ ಕೊಳ್ಳಬೇಕಾದ ಟ್ಯಾಂಕರ್ ನೀರು ಎಲ್ಲವೂ ನಡೆಯಬೇಕು. ಹೀಗೆ ಹಟದಿಂದ ಮನೆ ಉಳಿಸಿಕೊಂಡು, ಕಂತು ತಪ್ಪಿ, ಕೊನೆಗೆ ಬ್ಯಾಂಕಿನ ಹರಾಜು ನೋಟಿಸು ಹಿಡಿದು ಬಂದವರನ್ನು ನೋಡಿದ್ದೇನೆ. ಬದಲಿಗೆ 18 ಲಕ್ಷದ ಆಸುಪಾಸಿನ ಹಣ ಒಟ್ಟಿಗೆ ಕೈಸೇರಿದರೆ ಸಣ್ಣದೊಂದು ಎರಡು ಕೋಣೆಯ ಮನೆಗೆ ಅದು ದೊಡ್ಡ ಭಾಗವಾಗುತ್ತದೆ, ಅಥವಾ ಬ್ಯಾಂಕಿನಲ್ಲಿಟ್ಟರೆ ಅದರ ಬಡ್ಡಿಯೇ ಈಗಿನ ಕಿರಾಯಿಯನ್ನು ಸರಿದೂಗಿಸುತ್ತದೆ. ನನ್ನ ಸಲಹೆ ಸ್ಪಷ್ಟ: ಮನೆಯನ್ನು ಬಿಡಿ, ಬೆಲೆಯನ್ನು ಬಿಡಬೇಡಿ.

ಅವರಿಂದ ಅಷ್ಟು ಹಣ ಹೊರಡುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. 17.2 ಮತ್ತು 18.3 ಸೇರಿ 35.5 ಲಕ್ಷದ ಹೊಸ ಸಾಲವನ್ನು ಅವರು 18 ವರ್ಷಕ್ಕೆ ಶೇಕಡಾ 8.5ರ ಬಡ್ಡಿಯಲ್ಲಿ ತೆಗೆದರೆ ಕಂತು ಸುಮಾರು 32,000 ಆಗುತ್ತದೆ. 72,000 ಸಂಬಳದವರಿಗೆ ಇದು ಬಿಗಿಯಾದರೂ ಅಸಾಧ್ಯವಲ್ಲ. ಮಗಳ ಜೀವನಾಂಶವೂ ಸೇರಿದರೆ ತೀರಾ ಭಾರವಾಗುತ್ತದೆ ಎಂದು ಅವರಿಗೆ ಅನಿಸಿದರೆ ಮನೆಯನ್ನು ಮೂರನೆಯವರಿಗೆ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳುವುದೇ ಇಬ್ಬರಿಗೂ ಹಗುರ.

ಇಲ್ಲಿ ಅತಿ ಹೆಚ್ಚು ಜನ ಎಡವುವ ಜಾಗವೊಂದಿದೆ. ‘ಇನ್ನು ಮುಂದೆ ಸಾಲ ಪತಿಯದು’ ಎಂದು ವಿಚ್ಛೇದನದ ಕರಾರಿನಲ್ಲಿ ಬರೆದುಕೊಂಡ ಮಾತ್ರಕ್ಕೆ ನೀವು ಸಾಲದಿಂದ ಬಿಡುಗಡೆಯಾಗುವುದಿಲ್ಲ, ಏಕೆಂದರೆ ಬ್ಯಾಂಕು ಆ ಕರಾರಿನಲ್ಲಿ ಪಕ್ಷಗಾರನಲ್ಲ. 1872ರ ಕರಾರು ಕಾಯ್ದೆಯ 43ನೇ ಕಲಮಿನಂತೆ ಜಂಟಿಯಾಗಿ ಸಾಲ ಪಡೆದವರಲ್ಲಿ ಯಾರೊಬ್ಬರಿಂದಲೂ ಪೂರ್ತಿ ಬಾಕಿಯನ್ನು ಕೇಳುವ ಅಧಿಕಾರ ಸಾಲ ಕೊಟ್ಟವರಿಗಿದೆ. ಮೂರು ವರ್ಷಗಳ ನಂತರ ಅವರು ಕಂತು ನಿಲ್ಲಿಸಿದರೆ ನೋಟಿಸು ನಿಮ್ಮ ಶಾಲೆಯ ವಿಳಾಸಕ್ಕೂ ಬರುತ್ತದೆ, ನಿಮ್ಮ ಸಿಬಿಲ್ ಅಂಕವೂ ಕುಸಿಯುತ್ತದೆ, ಆಗ ನಿಮಗೆ ನಿಮ್ಮದೇ ಮನೆಗೆ ಸಾಲ ಹುಟ್ಟುವುದಿಲ್ಲ. ಆದ್ದರಿಂದ ಮೊದಲು ಬ್ಯಾಂಕಿಗೆ ಇಬ್ಬರೂ ಹೋಗಿ, ನಿಮ್ಮನ್ನು ಸಾಲದಿಂದ ಕೈಬಿಟ್ಟು ಅವರೊಬ್ಬರ ಹೆಸರಿಗೆ ಹೊಸ ಸಾಲ ಮಂಜೂರು ಮಾಡಿದ ಪತ್ರವನ್ನು ಪಡೆಯಬೇಕು. ಆಮೇಲೆ ಹಕ್ಕು ಬಿಡುಗಡೆ ಪತ್ರ. ಅದಕ್ಕೆ ಸಹಿ ಮಾಡುವ ದಿನ, ಅದೇ ಮೇಜಿನ ಮೇಲೆ, ನಿಮ್ಮ ಹೆಸರಿನ ಡಿ.ಡಿ. ಇರಬೇಕು ಮತ್ತು ಅದರ ಸಂಖ್ಯೆ ಪತ್ರದೊಳಗೆ ನಮೂದಾಗಬೇಕು. ‘ತೊಗರಿ ಮಾರಿದ ಮೇಲೆ ಕೊಡುತ್ತೇನೆ’ ಎಂಬ ವಾಯಿದೆಗೆ ಒಪ್ಪಬೇಡಿ. ಕುಟುಂಬದವರ ನಡುವಿನ ಹಕ್ಕು ಬಿಡುಗಡೆಗೆ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಡಿಕ್ರಿಯಾದ ಮೇಲೆ ನೀವು ಕಾನೂನಿನ ಕಣ್ಣಿನಲ್ಲಿ ಪತಿ-ಪತ್ನಿಯಲ್ಲವಾದ್ದರಿಂದ, ನೋಂದಣಿಯನ್ನು ಡಿಕ್ರಿಗೆ ಮುಂಚೆಯೇ ಮುಗಿಸುವುದು ಲೇಸು.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆಂದು ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಹಾಕುವ ಅರ್ಜಿಗೆ ಸಾಮಾನ್ಯವಾಗಿ ಆರು ತಿಂಗಳ ಕಾಯುವಿಕೆ ಇದೆ. ಆದರೆ ಒಂದೂವರೆ ವರ್ಷ ಬೇರೆಯಾಗಿದ್ದು, ಜೀವನಾಂಶ, ಮಕ್ಕಳ ಪಾಲನೆ ಮತ್ತಿತರ ತಕರಾರುಗಳು ನಿಜವಾಗಿ ಇತ್ಯರ್ಥವಾಗಿದ್ದರೆ ಆ ಅವಧಿಯನ್ನು ಮನ್ನಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಬೇಗ ಮುಗಿಯಲಿ ಎಂಬ ಅವಸರ ಅವರಿಗಿದ್ದರೆ, ಮನೆಯ ಲೆಕ್ಕ ಮೊದಲು ತೀರಬೇಕೆಂದು ಹೇಳಲು ಇದೇ ನಿಮಗೆ ಸಿಗುವ ಹಿಡಿ.

ಒಪ್ಪಿಗೆಯ ಕರಾರುಗಳಲ್ಲಿ ‘ಮುಂದೆ ಯಾವ ಹಕ್ಕು ಬಾಧ್ಯತೆಯೂ ಇಲ್ಲ’ ಎಂಬ ಸಾಲನ್ನು ರೂಢಿಯಂತೆ ಸೇರಿಸುತ್ತಾರೆ. ನಿಮ್ಮ ಜೀವನಾಂಶದ ಮಟ್ಟಿಗೆ ಅದನ್ನು ಯೋಚಿಸಿ ಒಪ್ಪಬಹುದು, ಮಗಳ ಜೀವನಾಂಶವನ್ನು ನೀವು ಬಿಟ್ಟುಕೊಡಲು ಬರುವುದಿಲ್ಲ, ಅದು ಅವಳದು. ಮಗಳ ತಲೆಯ ಮೇಲೊಂದು ಸೂರು ಎಂಬ ಖರ್ಚನ್ನು ಅದರಲ್ಲಿ ಬೇರೆಯಾಗಿ ತೋರಿಸಿ: ಈಗಿನ ಕಿರಾಯಿ, ವರ್ಷವರ್ಷ ಮಾಲೀಕರು ಏರಿಸುವ ಮೊತ್ತ, ಮನೆ ಬದಲಿಸಿದರೆ ಕಟ್ಟಬೇಕಾದ ಅಡ್ವಾನ್ಸ್. ಸುಪ್ರೀಂ ಕೋರ್ಟಿನ 2020ರ ನಿರ್ದೇಶನದಂತೆ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಬೇಕು. ‘ಕಂತು ಹೋಗಿ ಕೈಯಲ್ಲಿ ಏನೂ ಉಳಿಯುವುದಿಲ್ಲ’ ಎಂದು ಹೇಳುವವರು ಅದರಲ್ಲಿ ಸಂಬಳದ ಚೀಟಿಯನ್ನೂ ಲಗತ್ತಿಸಬೇಕಾಗುತ್ತದೆ.

ತೊಗರಿ ಹೊಲದಲ್ಲಿ ನಿಮಗೆ ಪಾಲಿಲ್ಲ. ಆದರೆ ಅದು ನಿಜಕ್ಕೂ ಹಿರಿಯರಿಂದ ಬಂದ ಅವಿಭಕ್ತ ಆಸ್ತಿಯಾಗಿದ್ದರೆ ನಿಮ್ಮ ಮಗಳಿಗೆ ಹುಟ್ಟಿನಿಂದಲೇ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ಕೊಟ್ಟಿತು, 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ತಂದೆತಾಯಿ ಬೇರೆಯಾದರೂ ಆ ಹಕ್ಕು ಅಳಿಯುವುದಿಲ್ಲ. ಹಾಗಾಗಿ ‘ನನಗೂ ಮಗಳಿಗೂ ಹೊಲದಲ್ಲಿ ಹಕ್ಕಿಲ್ಲ’ ಎಂದು ಬರೆದ ಕರಾರು ಬಂದರೆ ‘ಮಗಳಿಗೂ’ ಎಂಬ ಪದವನ್ನು ಹೊಡೆದುಹಾಕಿಸಿ. ಪಹಣಿಯ ಹಳೆಯ ಪ್ರತಿಗಳನ್ನೂ ಹಕ್ಕು ಬದಲಾವಣೆಯ ದಾಖಲೆಗಳನ್ನೂ ತೆಗೆಸಿಟ್ಟುಕೊಳ್ಳಿ. ಇದೇ ಕಾನೂನು ನಿಮ್ಮ ತವರಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ‘ನಿವೇಶನಕ್ಕೆ 4 ಲಕ್ಷ ಕೊಟ್ಟೆವಲ್ಲ’ ಎಂದು ಅಣ್ಣತಮ್ಮಂದಿರು ಹೇಳಿದ ಮಾತ್ರಕ್ಕೆ ತವರಿನ ಪಿತ್ರಾರ್ಜಿತದಲ್ಲಿ ನಿಮ್ಮ ಪಾಲು ತೀರಿಹೋಗುವುದಿಲ್ಲ.

ಲಾಕರಿನಲ್ಲಿರುವ ಒಡವೆ ನಿಮ್ಮ ಸ್ತ್ರೀಧನ, ಅದು ಹಂಚಿಕೆಯ ಲೆಕ್ಕಕ್ಕೆ ಬರುವುದಿಲ್ಲ, ಪೂರ್ತಿ ವಾಪಸು ಬರಬೇಕು. ಮದುವೆಯ ಫೋಟೊ ಮತ್ತು ರಸೀದಿಗಳಿಂದ ಪಟ್ಟಿ ಮಾಡಿ ಅರ್ಜಿಗೇ ಲಗತ್ತಿಸಿ.

ಅವರು ಯಾವುದಕ್ಕೂ ಒಪ್ಪದಿದ್ದರೆ? ದಂಪತಿಗಳ ನಡುವಿನ ಆಸ್ತಿಯ ದಾವೆಯನ್ನು ಕೌಟುಂಬಿಕ ನ್ಯಾಯಾಲಯವೇ ಕೇಳಬಹುದು. ನಿವೇಶನವನ್ನು ನಡುವೆ ಗೋಡೆ ಎಬ್ಬಿಸಿ ಸೀಳಲು ಬಾರದಿದ್ದಾಗ 1893ರ ಪಾಲು ಕಾಯ್ದೆಯಡಿ ಮಾರಿ ಹಣ ಹಂಚಲು, ಅಥವಾ ಒಬ್ಬರ ಪಾಲನ್ನು ಇನ್ನೊಬ್ಬರು ಕೊಳ್ಳಲು ನ್ಯಾಯಾಲಯ ಆದೇಶಿಸಬಹುದು. ವರ್ಷಗಟ್ಟಲೆ ಹಿಡಿಯುವ ದಾರಿಯಿದು, ಆದರೆ ನಿಮ್ಮ ಸಹಿಯಿಲ್ಲದೆ ಅವರು ಆ ಮನೆಯನ್ನು ಪೂರ್ತಿಯಾಗಿ ಮಾರಲಾರರು, ಆದ್ದರಿಂದ ಕಾಲಹರಣ ಅವರಿಗೂ ಲಾಭದ್ದಲ್ಲ. 2013ರಿಂದ ಹೈಕೋರ್ಟಿನ ಕಾಯಂ ಪೀಠ ಕಲಬುರಗಿಯಲ್ಲೇ ಇರುವುದರಿಂದ ಮೇಲ್ಮನವಿಗೆಂದು ರಾತ್ರಿ ರೈಲು ಹಿಡಿದು ಬೆಂಗಳೂರಿಗೆ ಹೋಗುವ ಕಷ್ಟವೂ ಇಲ್ಲ. ವಕೀಲರ ಶುಲ್ಕದ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಪ್ರಶ್ನೆ: 2014ರಲ್ಲಿ ಬೀದರಿನಲ್ಲಿ ನನ್ನ ದುಡಿಮೆಯ ಹಣದಿಂದ ಪತ್ನಿಯ ಹೆಸರಿಗೆ ಮನೆ ಕೊಂಡೆ. ಈಗ ವಿಚ್ಛೇದನದ ಪ್ರಕರಣ ನಡೆಯುತ್ತಿದೆ. ಮನೆಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದೇ?
— ಓದುಗ, ಬೀದರ್

ಉತ್ತರ: ಕಷ್ಟ. ಪತ್ನಿಯ ಹೆಸರಿನಲ್ಲಿ ಆಸ್ತಿ ಕೊಳ್ಳುವುದನ್ನು ಬೇನಾಮಿ ಕಾಯ್ದೆ ನಿಷೇಧಿಸಿರಲಿಲ್ಲ, ಆದ್ದರಿಂದ ನಿಮ್ಮ ದಾವೆಗೆ ಬಾಗಿಲು ಮುಚ್ಚಿಲ್ಲ. ಆದರೆ ನೀವು ಕೊಂಡ ಕಾಲದಲ್ಲಿ ಜಾರಿಯಲ್ಲಿದ್ದ 1988ರ ಕಾಯ್ದೆಯು, ಹಾಗೆ ಕೊಂಡದ್ದು ಆಕೆಯ ಹಿತಕ್ಕಾಗಿಯೇ ಎಂದು ಮೊದಲಿಗೆ ಭಾವಿಸುತ್ತಿತ್ತು. ಹಾಗಲ್ಲ ಎಂದು ಸಾಬೀತುಪಡಿಸುವ ಹೊಣೆ ನಿಮ್ಮ ಮೇಲಿದೆ. ಹಣ ನಿಮ್ಮ ಖಾತೆಯಿಂದ ಹೋಗಿದೆ ಎಂಬುದೊಂದೇ ಸಾಲದು, ಮೂಲಪತ್ರ ಯಾರ ಬಳಿ ಇದೆ, ತೆರಿಗೆ ಯಾರು ಕಟ್ಟುತ್ತಾರೆ, ಬಾಡಿಗೆ ಬರುತ್ತಿದ್ದರೆ ಯಾರ ಕೈಗೆ, ಆಗ ಆಕೆಯ ಹೆಸರನ್ನೇ ಏಕೆ ಹಾಕಿಸಿದಿರಿ ಎಂಬುದೆಲ್ಲ ವಿಚಾರಣೆಗೆ ಬರುತ್ತದೆ. ‘ಹೆಂಗಸರ ಹೆಸರಿಗೆ ಬಡ್ಡಿ ಕಡಿಮೆ ಎಂದು ಮಾಡಿದೆ’ ಎನ್ನುವವರು ಬಹಳ, ಅದನ್ನು ತೋರಿಸುವ ಕಾಗದ ಇಟ್ಟುಕೊಂಡವರು ವಿರಳ. ಮನೆಯನ್ನು ಆಕೆಗೇ ಬಿಟ್ಟು, ಅದರ ಬೆಲೆಯನ್ನು ಶಾಶ್ವತ ಜೀವನಾಂಶದ ಮೊತ್ತದಲ್ಲಿ ಪರಿಗಣಿಸಬೇಕೆಂದು ಕೇಳುವುದು ನಿಮಗೆ ಹೆಚ್ಚು ಪ್ರಯೋಜನಕಾರಿ.

ಪ್ರಶ್ನೆ: ನಾವಿರುವ ಶಹಾಪುರದ ಮನೆ ಅತ್ತೆಯ ಹೆಸರಿನಲ್ಲಿದೆ. ಪತಿ ವಿಚ್ಛೇದನಕ್ಕೆ ಅರ್ಜಿ ಹಾಕಿ ಬೇರೆ ಊರಿಗೆ ಹೋಗಿದ್ದಾರೆ, ಮನೆಖರ್ಚಿಗೆ ಹಣ ಕೊಡುವುದನ್ನೂ ನಿಲ್ಲಿಸಿದ್ದಾರೆ. ‘ಇದು ನನ್ನ ಮನೆ, ಖಾಲಿ ಮಾಡು’ ಎಂದು ಅತ್ತೆಯವರು ದಿನವೂ ಜಗಳ ತೆಗೆಯುತ್ತಾರೆ. ಎರಡು ಸಣ್ಣ ಮಕ್ಕಳಿದ್ದಾರೆ. ಏನು ಮಾಡಲಿ?
— ಓದುಗಳು, ಯಾದಗಿರಿ ಜಿಲ್ಲೆ

ಉತ್ತರ: ತಂಗಿ, ಈ ಹೊತ್ತಿಗೆ ಮನೆ ಬಿಟ್ಟು ಹೋಗಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಖರ್ಚಿಗೆ ಹಣ ನಿಲ್ಲಿಸುವುದನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ, ಮತ್ತು ನೀವು ಸಂಸಾರ ಮಾಡಿಕೊಂಡಿದ್ದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಡುತ್ತದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಈ ಹಕ್ಕು ಇರಬಲ್ಲದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಮಾನಿಸಿ, ತನ್ನ ಹಿಂದಿನ ವ್ಯತಿರಿಕ್ತ ತೀರ್ಪನ್ನು ಬದಿಗೆ ಸರಿಸಿತು. ಕಾನೂನಿನ ಕ್ರಮ ಅನುಸರಿಸದೆ ನಿಮ್ಮನ್ನು ಹೊರಹಾಕಲು ಬರುವುದಿಲ್ಲ. ಆದರೆ ಇದು ವಾಸದ ಹಕ್ಕು, ಒಡೆತನವಲ್ಲ. ವಯಸ್ಸಾದ ಅತ್ತೆಯವರ ನೆಮ್ಮದಿಯನ್ನೂ ನ್ಯಾಯಾಲಯ ತೂಗಿ ನೋಡುತ್ತದೆ, ವಿಚ್ಛೇದನದ ಡಿಕ್ರಿಯಾದ ಮೇಲೆ ನಿಮ್ಮ ನೆಲೆ ಈಗಿನಷ್ಟು ಗಟ್ಟಿಯಾಗಿಯೂ ಇರುವುದಿಲ್ಲ. ಆದ್ದರಿಂದ ಡಿಕ್ರಿಗೆ ಮುಂಚೆಯೇ ಜಿಲ್ಲೆಯ ಸಂರಕ್ಷಣಾಧಿಕಾರಿಯ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ, ಅದರಲ್ಲಿ ಎರಡನ್ನು ಒಟ್ಟಿಗೆ ಕೇಳಿ: ಈಗಿನ ಮನೆಯಿಂದ ಹೊರಹಾಕದಂತೆ ಆದೇಶ, ಅದು ಆಗದಿದ್ದರೆ ಅದೇ ಮಟ್ಟದ ಬೇರೆ ಮನೆಯನ್ನು ಪತಿಯೇ ಒದಗಿಸಿ ಬಾಡಿಗೆ ಕಟ್ಟುವಂತೆ 19ನೇ ಕಲಮಿನಡಿ ಆದೇಶ. ನಿಜ ಹೇಳಬೇಕೆಂದರೆ, ದಿನವೂ ಜಗಳ ನಡೆಯುವ ಮನೆಯಲ್ಲಿ ಮಕ್ಕಳನ್ನು ಬೆಳೆಸುವುದಕ್ಕಿಂತ ಎರಡನೆಯದು ಮೇಲು. ಶಾಲೆಗೆ ಹತ್ತಿರವಿರುವ ಒಂದೆರಡು ಮನೆಗಳ ಬಾಡಿಗೆ ವಿಚಾರಿಸಿ, ಮಾಲೀಕರಿಂದ ಮೊತ್ತವನ್ನು ಬರೆಸಿಕೊಂಡು ಅರ್ಜಿಯ ಜೊತೆಗಿಟ್ಟರೆ ನ್ಯಾಯಾಧೀಶರಿಗೆ ಅಂಕಿ ಕಣ್ಣೆದುರಿಗೇ ಇರುತ್ತದೆ. ಈ ನಡುವೆ ಬಾಗಿಲಿಗೆ ಬೀಗ ಹಾಕುವ ಪ್ರಯತ್ನವಾದರೆ 181ಕ್ಕೆ ಕರೆ ಮಾಡಿ.